ಓದುಗರ ಪ್ರಶ್ನೆ: ಸಿವಿಲ್ ಗ್ರ್ಯಾಂಡ್ ಜ್ಯೂರಿಗೆ ನಾಗರಿಕರನ್ನು ಆರಿಸುವ ಬಗೆ

ಈ ಸಂಚಿಕೆಯ ಅಂಕಣವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಮೈಸೂರಿನಿಂದ ಬಂದ ಪತ್ರವೊಂದು ಇದಕ್ಕೆ ಕಾರಣ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಂದಲೂ ಇಲ್ಲಿನ ಓದುಗರಿಂದಲೂ ಬಂದ, ಅದೇ ವಿಷಯಕ್ಕೆ ಸೇರಿದ ಬೇರೆ ಪ್ರಶ್ನೆಗಳನ್ನು ಅದರ ಜೊತೆಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಸೊಸೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹದಿನಾರು ವರ್ಷಗಳಿಂದ ಇದ್ದಾಳೆ, ಅಲ್ಲಿನ ಪೌರತ್ವವನ್ನೂ ಪಡೆದಿದ್ದಾಳೆ. ಈಚೆಗೆ ಕೆಲಸ ಬಿಟ್ಟ ಮೇಲೆ, ಅಲ್ಲಿನ ನ್ಯಾಯಾಲಯದ ‘ಸಿವಿಲ್ ಗ್ರ್ಯಾಂಡ್ ಜ್ಯೂರಿ’ಗೆ ಅರ್ಜಿ ಹಾಕುತ್ತೇನೆ ಎನ್ನುತ್ತಿದ್ದಾಳೆ. ಜ್ಯೂರಿ ಎಂದರೆ ಕೊಲೆ ಮೊಕದ್ದಮೆಯಲ್ಲಿ ಕುಳಿತು ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವವರು ಎಂದಷ್ಟೇ ನನಗೆ ಗೊತ್ತು. ಅದಕ್ಕೆ ಅರ್ಜಿ ಹಾಕುವುದೂ ಉಂಟೆ? ಇದರಿಂದ ಆಕೆಗೆ ಏನಾದರೂ ತೊಂದರೆ ಇದೆಯೇ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ನೀವು ಹೇಳುತ್ತಿರುವುದು ವಿಚಾರಣಾ ಜ್ಯೂರಿ. ಅದಕ್ಕೆ ಅರ್ಜಿ ಇರುವುದಿಲ್ಲ. ಮತದಾರರ ಪಟ್ಟಿ, ವಾಹನ ಚಾಲನಾ ಪರವಾನಗಿಯ ಪಟ್ಟಿ ಮೊದಲಾದವುಗಳಿಂದ ಹೆಸರು ಎತ್ತಿ ಸಮನ್ಸ್ ಕಳಿಸುತ್ತಾರೆ, ಹೋಗಲೇಬೇಕು. ನಿಮ್ಮ ಸೊಸೆ ಹೇಳುತ್ತಿರುವ ಸಿವಿಲ್ ಗ್ರ್ಯಾಂಡ್ ಜ್ಯೂರಿ ಬೇರೆಯೇ ಒಂದು ಸಂಸ್ಥೆ. ಅದು ಯಾವ ವ್ಯಕ್ತಿಯ ಮೊಕದ್ದಮೆಯನ್ನೂ ತೀರ್ಮಾನಿಸುವುದಿಲ್ಲ. ಕೌಂಟಿ ಎಂಬ, ಹೆಚ್ಚುಕಡಿಮೆ ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಆಡಳಿತ ಘಟಕದೊಳಗಿನ ಸರ್ಕಾರಿ ಇಲಾಖೆಗಳು, ನಗರಸಭೆಗಳು, ನೀರು, ಅಗ್ನಿಶಾಮಕ ಮುಂತಾದ ಸೇವೆಗಳಿಗಾಗಿ ರಚನೆಯಾದ ವಿಶೇಷ ಜಿಲ್ಲಾ ಮಂಡಳಿಗಳು ಹೇಗೆ ಕೆಲಸ ಮಾಡುತ್ತಿವೆ, ಜನರ ಹಣವನ್ನು ಹೇಗೆ ಖರ್ಚು ಮಾಡುತ್ತಿವೆ ಎಂಬುದನ್ನು ಒಂದು ವರ್ಷ ಕಾಲ ಪರಿಶೀಲಿಸಿ ಬಹಿರಂಗ ವರದಿ ಕೊಡುವ ಸಾಮಾನ್ಯ ನಾಗರಿಕರ ಮಂಡಳಿ ಅದು.

ಇದರ ಬೇರು ಬಹಳ ಹಳೆಯದು. 1166ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ, ತಮ್ಮ ತಮ್ಮ ಸೀಮೆಯಲ್ಲಿ ಅಪರಾಧದ ಶಂಕೆ ಇರುವವರನ್ನು ಪ್ರಮಾಣ ಮಾಡಿ ಹೆಸರಿಸಲು ಊರಿನ ಹನ್ನೆರಡು ಮಂದಿಯನ್ನು ಕರೆಯಿಸುವ ಕಟ್ಟಳೆ ಮಾಡಿದ. ಅಪರಾಧದ ಆರೋಪ ಹೊರಿಸಲು ಆಧಾರವಿದೆಯೇ ಎಂದು ನೋಡುವ ಗ್ರ್ಯಾಂಡ್ ಜ್ಯೂರಿ ಅಲ್ಲಿಂದ ಬೆಳೆಯಿತು. ಇಂಗ್ಲೆಂಡ್ 1933ರಲ್ಲಿ ಅದನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಉಳಿಯಿತು. ಕ್ಯಾಲಿಫೋರ್ನಿಯಾದಲ್ಲಂತೂ 1880ರ ಹೊತ್ತಿಗೆ, ಅಪರಾಧದ ಜೊತೆಗೆ ಸ್ಥಳೀಯ ಆಡಳಿತವನ್ನೂ ತನಿಖೆ ಮಾಡುವ ಹೊಣೆ ಅದಕ್ಕೆ ಬಂದಿತು. ಪ್ರತಿ ಕೌಂಟಿಯಲ್ಲಿ ವರ್ಷಕ್ಕೊಮ್ಮೆಯಾದರೂ ಗ್ರ್ಯಾಂಡ್ ಜ್ಯೂರಿಯನ್ನು ಕರೆಯಲೇಬೇಕೆಂದು ಆ ರಾಜ್ಯದ ಸಂವಿಧಾನವೇ ಹೇಳುತ್ತದೆ. ಹೀಗೆ 58 ಕೌಂಟಿಗಳಲ್ಲಿ ವರ್ಷ ವರ್ಷವೂ ಹೊಸ ಮಂಡಳಿ ಕೂರುತ್ತದೆ. ಲಾಸ್ ಏಂಜಲಿಸ್‌ನಂಥ ದೊಡ್ಡ ಕೌಂಟಿಗಳಲ್ಲಿ ಅಪರಾಧದ ಗ್ರ್ಯಾಂಡ್ ಜ್ಯೂರಿ ಬೇರೆ, ಸಿವಿಲ್ ಗ್ರ್ಯಾಂಡ್ ಜ್ಯೂರಿ ಬೇರೆ.

ತೊಂದರೆಯ ಮಾತಿಗೆ ಬಂದರೆ, ಸಮಯ ಹೋಗುತ್ತದೆ ಮತ್ತು ಬಾಯಿ ಬಿಗಿಹಿಡಿಯಬೇಕಾಗುತ್ತದೆ. ಈ ಎರಡರ ಬಗ್ಗೆ ಮುಂದೆ ಹೇಳುತ್ತೇನೆ. ಹೆದರಬೇಕಾದದ್ದು ಏನೂ ಇಲ್ಲ. ಆಕೆ ಅರ್ಜಿ ಹಾಕಲಿ.

ಪ್ರಶ್ನೆ: ನಾನು ಗ್ರೀನ್ ಕಾರ್ಡ್ ಹೊಂದಿದ್ದೇನೆ, ತೆರಿಗೆ ಕಟ್ಟುತ್ತೇನೆ, ಮನೆಯೂ ಇಲ್ಲಿಯೇ ಇದೆ. ನನಗೆ ಅವಕಾಶವಿದೆಯೇ? ನನ್ನ ಇಂಗ್ಲಿಷ್ ಉಚ್ಚಾರಣೆ ಇಲ್ಲಿನವರಂತೆ ಇಲ್ಲ; ಅದು ಅಡ್ಡಿಯಾಗುತ್ತದೆಯೇ?
— ಓದುಗರೊಬ್ಬರು, ಫ್ರೀಮಾಂಟ್

ಉತ್ತರ: ಗ್ರೀನ್ ಕಾರ್ಡ್ ಸಾಲದು, ಎಚ್-1ಬಿ ವೀಸಾವಂತೂ ಸಾಲುವುದೇ ಇಲ್ಲ. ಕ್ಯಾಲಿಫೋರ್ನಿಯಾ ದಂಡ ಸಂಹಿತೆಯ 893ನೇ ಕಲಮಿನ ಪ್ರಕಾರ ಗ್ರ್ಯಾಂಡ್ ಜ್ಯೂರರ್, ಅಂದರೆ ಗ್ರ್ಯಾಂಡ್ ಜ್ಯೂರಿಯ ಸದಸ್ಯ, ಅಮೆರಿಕದ ಪ್ರಜೆಯಾಗಿರಬೇಕು, 18 ವರ್ಷ ತುಂಬಿರಬೇಕು, ಆಯ್ಕೆಗೆ ಹಿಂದಿನ ಒಂದು ವರ್ಷ ಪೂರ್ತಿ ಆ ರಾಜ್ಯದಲ್ಲಿ ಮತ್ತು ಆ ಕೌಂಟಿಯಲ್ಲಿ ವಾಸವಿರಬೇಕು. ಸಾಧಾರಣ ಬುದ್ಧಿ, ಸರಿಯಾದ ವಿವೇಚನೆ, ಒಳ್ಳೆಯ ನಡತೆ ಇರಬೇಕು. ಪೌರತ್ವ ಹುಟ್ಟಿನಿಂದ ಬಂದದ್ದೋ ಆಮೇಲೆ ಪಡೆದದ್ದೋ ಎಂಬ ಭೇದವನ್ನು ಆ ಕಲಮು ಮಾಡುವುದಿಲ್ಲ. ಆದ್ದರಿಂದ ಭಾರತದ ಪೌರತ್ವ ಬಿಟ್ಟು ಒಸಿಐ ಕಾರ್ಡ್ ಇಟ್ಟುಕೊಂಡಿರುವವರಿಗೂ ದಾರಿ ತೆರೆದೇ ಇದೆ.

ಇಂಗ್ಲಿಷಿನ ಬಗ್ಗೆ ಕಾನೂನು ಕೇಳುವುದು ಸಾಕಷ್ಟು ಭಾಷಾಜ್ಞಾನವನ್ನು, ಉಚ್ಚಾರಣೆಯನ್ನಲ್ಲ. ಲೆಕ್ಕಪತ್ರ ಓದಿ ಅರ್ಥ ಮಾಡಿಕೊಳ್ಳುವ, ಅಧಿಕಾರಿಯನ್ನು ಪ್ರಶ್ನಿಸುವ, ಹತ್ತಾರು ಪುಟದ ವರದಿಯ ಕರಡು ತಿದ್ದುವ ಶಕ್ತಿ ಇದ್ದರೆ ನಾಲಗೆ ಹೇಗೆ ಹೊರಳಿದರೂ ಬಾಧಕವಿಲ್ಲ.

ಕೆಲವರು ಅನರ್ಹರು: ಚುನಾಯಿತ ಹುದ್ದೆಯಲ್ಲಿರುವವರು, ಆ ಹೊತ್ತಿನಲ್ಲಿ ಆ ರಾಜ್ಯದ ಯಾವುದೇ ನ್ಯಾಯಾಲಯದಲ್ಲಿ ವಿಚಾರಣಾ ಜ್ಯೂರರ್ ಆಗಿರುವವರು, ಹಿಂದಿನ ಒಂದು ವರ್ಷದೊಳಗೆ ಗ್ರ್ಯಾಂಡ್ ಜ್ಯೂರಿಯಿಂದ ಬಿಡುಗಡೆಯಾದವರು. ಅಧಿಕಾರ ದುರುಪಯೋಗ ಅಥವಾ ಘೋರ ಅಪರಾಧದಲ್ಲಿ ಶಿಕ್ಷೆಯಾದವರಿಗೂ ನಿರ್ಬಂಧಗಳಿವೆ. ಸರ್ಕಾರಿ ನೌಕರರಿಗೆ ನಿಷೇಧವಿಲ್ಲ ಎಂಬುದನ್ನು ಗಮನಿಸಬೇಕು. ಆದರೆ ತಾವು ಈಗ ಕೆಲಸ ಮಾಡುತ್ತಿರುವ, ಅಥವಾ ಹಿಂದಿನ ಮೂರು ವರ್ಷಗಳೊಳಗೆ ಬಿಟ್ಟುಬಂದ ಸಂಸ್ಥೆಯ ಮೇಲೆ ಜ್ಯೂರಿ ಸಿವಿಲ್ ತನಿಖೆ ನಡೆಸಿದರೆ ಅವರು ಜ್ಯೂರಿಯ ಮುಖ್ಯಸ್ಥರಿಗೂ ನ್ಯಾಯಾಲಯಕ್ಕೂ ಅದನ್ನು ತಿಳಿಸಿ, ಆ ಒಂದು ತನಿಖೆಯಿಂದ ಪೂರ್ತಿ ಹೊರಗೆ ಉಳಿಯಬೇಕು.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಗ್ರ್ಯಾಂಡ್ ಜ್ಯೂರಿಯ ಸದಸ್ಯರನ್ನು ನ್ಯಾಯಾಧೀಶರು ಸಂದರ್ಶನ ಮಾಡಿ ಆರಿಸುತ್ತಾರೆ ಎಂದು ಒಂದು ಕಡೆ ಓದಿದೆ, ಚೀಟಿ ಎತ್ತಿ ಆರಿಸುತ್ತಾರೆ ಎಂದು ಇನ್ನೊಂದು ಕಡೆ ಓದಿದೆ. ಯಾವುದು ನಿಜ? ಯೋಗ್ಯರನ್ನು ಆರಿಸಿದ ಮೇಲೆ ಚೀಟಿಯ ಅಗತ್ಯವೇನು?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಎರಡೂ ನಿಜ, ಒಂದರ ಹಿಂದೆ ಒಂದು. ಈ ಪದ್ಧತಿಯ ಸ್ವಾರಸ್ಯವೆಲ್ಲ ಇರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಹೆಸರುಗಳು ನ್ಯಾಯಾಲಯಕ್ಕೆ ಬರುವ ದಾರಿ ಕೌಂಟಿಯಿಂದ ಕೌಂಟಿಗೆ ಬೇರೆ. ಹೆಚ್ಚಿನ ಕಡೆ ಕೌಂಟಿಯ ವಿಚಾರಣಾ ನ್ಯಾಯಾಲಯವಾದ ಸುಪೀರಿಯರ್ ಕೋರ್ಟ್ ಪ್ರಕಟಣೆ ಕೊಟ್ಟು ಅರ್ಜಿ ಕರೆಯುತ್ತದೆ. ನ್ಯಾಯಾಧೀಶರು ತಾವೇ ಹೆಸರು ಸೂಚಿಸುವ ಹಳೆಯ ರೂಢಿಯೂ ಇದೆ. ಲಾಸ್ ಏಂಜಲಿಸ್‌ನಲ್ಲಿ ಪ್ರತಿಯೊಬ್ಬ ನ್ಯಾಯಾಧೀಶರೂ ಇಬ್ಬರ ತನಕ ಸೂಚಿಸಬಹುದು. ಸ್ವಯಂಪ್ರೇರಿತರು ಸಾಲದಿದ್ದಾಗ ಸಾಮಾನ್ಯ ಜ್ಯೂರಿ ಪಟ್ಟಿಯಿಂದ ಒಂದಷ್ಟು ಜನಕ್ಕೆ ಪತ್ರ ಬರೆದು, ಆಸಕ್ತಿ ಇದೆಯೇ ಎಂದು ಕೇಳುವ ಕೌಂಟಿಗಳೂ ಇವೆ. ಬಂದ ಅರ್ಜಿಗಳನ್ನು ಜರಡಿ ಹಿಡಿದು, ಹಲವು ಕಡೆ ಅಪರಾಧ ಹಿನ್ನೆಲೆಯನ್ನೂ ಪರಿಶೀಲಿಸಿ, ಉಳಿದವರನ್ನು ಸಂದರ್ಶನಕ್ಕೆ ಕರೆಯುತ್ತಾರೆ. ಸಂದರ್ಶನ ಐಚ್ಛಿಕವಲ್ಲ, ಅರ್ಹತೆಗಳಿವೆಯೇ ಎಂದು ಖುದ್ದಾಗಿ ಮಾತನಾಡಿಸಿ ತಿಳಿದುಕೊಂಡೇ ಪಟ್ಟಿ ಮಾಡಬೇಕೆಂದು ಕಾನೂನು ವಿಧಿಸುತ್ತದೆ.

ಅಲ್ಲಿ ನ್ಯಾಯಾಧೀಶರು ಪದವಿ, ಪಾಂಡಿತ್ಯಗಳನ್ನು ಹುಡುಕುವುದಕ್ಕಿಂತ ಬೇರೆ ಕೆಲವನ್ನು ಹುಡುಕುತ್ತಾರೆ. ಈ ವ್ಯಕ್ತಿ ವರ್ಷವಿಡೀ ಬರಬಲ್ಲರೇ? ಹದಿನೆಂಟು ಮಂದಿ ಅಪರಿಚಿತರ ಜೊತೆ ಭಿನ್ನಾಭಿಪ್ರಾಯ ಇಟ್ಟುಕೊಂಡೇ ಕೆಲಸ ಮಾಡಬಲ್ಲರೇ? ಯಾವುದೋ ಒಂದು ಇಲಾಖೆಯ ಮೇಲಿನ ಹಳೆಯ ಸಿಟ್ಟನ್ನು ತೀರಿಸಿಕೊಳ್ಳಲು ಬಂದಿದ್ದಾರೆಯೇ? ಮನೆಯ ಮುಂದಿನ ರಸ್ತೆಯ ವಿಷಯದಲ್ಲಿ ನಗರಸಭೆಯೊಡನೆ ಹತ್ತು ವರ್ಷ ಜಗಳವಾಡಿದ ವ್ಯಕ್ತಿಯಲ್ಲಿ ಉತ್ಸಾಹ ಬೇಕಾದಷ್ಟು ಇರಬಹುದು, ಆದರೆ ಅಂಥವರ ಕೈಗೆ ಸಮನ್ಸ್ ಕಳಿಸುವ ಅಧಿಕಾರ ಕೊಡಲು ನ್ಯಾಯಾಲಯ ಹಿಂಜರಿಯುವುದು ಸಹಜ. ಜೊತೆಗೆ, ಹೆಸರುಗಳು ಕೌಂಟಿಯ ಬೇರೆ ಬೇರೆ ವಿಭಾಗಗಳಿಂದ ಅಲ್ಲಲ್ಲಿನ ಜನಸಂಖ್ಯೆಗೆ ತಕ್ಕ ಪ್ರಮಾಣದಲ್ಲಿ, ಸಾಧ್ಯವಾದ ಮಟ್ಟಿಗೆ, ಬರಬೇಕೆಂಬ ನಿಯಮವೂ ಇದೆ.

ಇಷ್ಟಾದ ಮೇಲೆ ಉಳಿಯುವ ಪಟ್ಟಿ, ಬೇಕಾದ ಸಂಖ್ಯೆಗಿಂತ ದೊಡ್ಡದಾಗಿರುತ್ತದೆ. ಬೇಕಾದದ್ದು ಸಾಮಾನ್ಯವಾಗಿ 19 ಮಂದಿ. 40 ಲಕ್ಷಕ್ಕಿಂತ ಹೆಚ್ಚು ಜನರಿರುವ ಕೌಂಟಿಯಲ್ಲಿ, ಅಂದರೆ ಲಾಸ್ ಏಂಜಲಿಸ್‌ನಲ್ಲಿ, 23. ಜನಸಂಖ್ಯೆ 20,000 ಮೀರದ ಪುಟ್ಟ ಕೌಂಟಿಗಳಲ್ಲಿ ಅಲ್ಲಿನ ಚುನಾಯಿತ ಆಡಳಿತ ಮಂಡಳಿಯಾದ ಮೇಲ್ವಿಚಾರಕರ ಮಂಡಳಿ ಒಪ್ಪಿದರೆ 11. ಆಯ್ಕೆಯ ದಿನ ಬಂದವರ ಸಂಖ್ಯೆ ಇದಕ್ಕಿಂತ ಹೆಚ್ಚಿದ್ದರೆ ಏನು ಮಾಡಬೇಕೆಂಬುದನ್ನು ಕಾನೂನು ಕಣ್ಣಿಗೆ ಕಟ್ಟುವಷ್ಟು ವಿವರವಾಗಿ ಹೇಳುತ್ತದೆ: ಜ್ಯೂರಿಯ ಏರ್ಪಾಡು ನೋಡಿಕೊಳ್ಳುವ ನ್ಯಾಯಾಲಯದ ಅಧಿಕಾರಿಯಾದ ಜ್ಯೂರಿ ಕಮಿಷನರ್ ಪ್ರತಿಯೊಬ್ಬರ ಹೆಸರನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದು, ಹೆಸರು ಕಾಣದಂತೆ ಮಡಚಿ, ಪೆಟ್ಟಿಗೆಯೊಳಗೆ ಹಾಕಿ, ಬೇಕಾದಷ್ಟು ಚೀಟಿಗಳನ್ನು ಎತ್ತಬೇಕು. ಎತ್ತಿದ ಚೀಟಿಯಲ್ಲಿ ಹೆಸರಿದ್ದವರೇ ಆ ವರ್ಷದ ಗ್ರ್ಯಾಂಡ್ ಜ್ಯೂರಿ.

ಚೀಟಿ ಏಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಈಗ ಸುಲಭ. ಸಂದರ್ಶನ ಮಾತ್ರ ಇದ್ದಿದ್ದರೆ ಕಾವಲುಗಾರರನ್ನು ನೇಮಿಸುವ ಅಧಿಕಾರವೆಲ್ಲ ಕೆಲವೇ ನ್ಯಾಯಾಧೀಶರ ಕೈಯಲ್ಲಿ ಉಳಿಯುತ್ತಿತ್ತು. ಚೀಟಿ ಮಾತ್ರ ಇದ್ದಿದ್ದರೆ ವರ್ಷವಿಡೀ ದುಡಿಯಲು ಮನಸ್ಸಿಲ್ಲದವರೂ ಬಂದು ಕೂರುತ್ತಿದ್ದರು. ಮೊದಲು ಜರಡಿ, ಆಮೇಲೆ ಚೀಟಿ ಎಂಬ ಈ ಜೋಡಣೆ ನಮ್ಮ ದಕ್ಷಿಣದವರಿಗೆ ಹೊಸದಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿರುವ, ಹತ್ತನೆಯ ಶತಮಾನದ ಚೋಳ ದೊರೆ ಪರಾಂತಕನ ಕಾಲದ ಶಾಸನಗಳಲ್ಲಿ ಊರಿನ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮ ಇದೇ ತೆರನಾಗಿದೆ: ಭೂಮಿ, ಸ್ವಂತ ಮನೆ, ವಯಸ್ಸು, ವಿದ್ಯೆ ಇವುಗಳ ಅರ್ಹತೆ ನೋಡಿ, ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರನ್ನೂ ಅವರ ನೆಂಟರನ್ನೂ ಹೊರಗಿಟ್ಟು, ಉಳಿದವರ ಹೆಸರಿನ ಓಲೆಗಳನ್ನು ಕೊಡದೊಳಗೆ ಹಾಕಿ ಬಾಲಕನೊಬ್ಬನ ಕೈಯಿಂದ ಎತ್ತಿಸುತ್ತಿದ್ದರು. ಕ್ಯಾಲಿಫೋರ್ನಿಯಾಕ್ಕೂ ಉತ್ತರಮೇರೂರಿಗೂ ಯಾವ ಸಂಬಂಧವೂ ಇಲ್ಲ. ಆದರೆ ಯೋಗ್ಯತೆಯನ್ನೂ ನಿಷ್ಪಕ್ಷಪಾತವನ್ನೂ ಒಟ್ಟಿಗೆ ಬಯಸಿದ ಎರಡು ಸಮಾಜಗಳು ಒಂದೇ ಉಪಾಯಕ್ಕೆ ಬಂದು ಮುಟ್ಟಿದ್ದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ.

ಚೀಟಿಯಲ್ಲಿ ಬಾರದೆ ಒಳಬರುವವರೂ ಇದ್ದಾರೆ. ನ್ಯಾಯಾಲಯ ಇಚ್ಛಿಸಿದರೆ, ಹಿಂದಿನ ವರ್ಷದ ಜ್ಯೂರರ್‌ಗಳಲ್ಲಿ ಒಪ್ಪಿಗೆ ಕೊಟ್ಟ ಹತ್ತು ಮಂದಿಯ ತನಕ ಎರಡನೆಯ ವರ್ಷಕ್ಕೂ ಮುಂದುವರಿಸಬಹುದು. ಅನುಭವ ಪೂರ್ತಿ ಅಳಿಸಿಹೋಗದಿರಲಿ ಎಂಬುದು ಉದ್ದೇಶ. ಮಂಡಳಿಯ ಮುಖ್ಯಸ್ಥರನ್ನು ಸದಸ್ಯರು ಚುನಾಯಿಸುವುದಿಲ್ಲ, ನ್ಯಾಯಾಲಯವೇ ನೇಮಿಸುತ್ತದೆ. ಪ್ರಮಾಣವಚನವಾದ ಮೇಲೆ ತರಬೇತಿ: ಸಂದರ್ಶಿಸುವುದು, ವರದಿ ಬರೆಯುವುದು, ಕಾನೂನಿನ ಮಿತಿ ಅರಿಯುವುದು. ಈ ತರಬೇತಿಯನ್ನು ರೂಪಿಸುವಾಗ ಹಿಂದೆ ಜ್ಯೂರರ್ ಆಗಿದ್ದ ಒಬ್ಬರನ್ನಾದರೂ ನ್ಯಾಯಾಲಯ ಸಮಾಲೋಚಿಸಬೇಕು. ಬಹುತೇಕ ಕೌಂಟಿಗಳಲ್ಲಿ ಅವಧಿ ಜುಲೈ 1ರಿಂದ ಮುಂದಿನ ಜೂನ್ 30ರ ತನಕ.

ಪ್ರಶ್ನೆ: ನ್ಯಾಯಾಧೀಶರ ಕೈಯಲ್ಲಿ ಆಯ್ಕೆ ಇದ್ದರೆ ಅವರ ಪರಿಚಯದವರೇ ತುಂಬಿಕೊಳ್ಳುವುದಿಲ್ಲವೇ? ಬಡವರಿಗೆ, ಅಲ್ಪಸಂಖ್ಯಾತರಿಗೆ ಅಲ್ಲಿ ಜಾಗ ಸಿಗುತ್ತದೆಯೇ?
— ವಕೀಲರು, ಕಲಬುರಗಿ

ಉತ್ತರ: ನಿಮ್ಮ ಸಂಶಯಕ್ಕೆ ಇತಿಹಾಸದ ಆಧಾರವಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

1962ರಲ್ಲಿ ಕ್ಯಾಲಿಫೋರ್ನಿಯಾದ ಕಿಂಗ್ಸ್ ಕೌಂಟಿಯಲ್ಲಿ ಬೂಕರ್ ಹಿಲರಿ ಎಂಬ ಕಪ್ಪು ಜನಾಂಗದ ವ್ಯಕ್ತಿಯ ಮೇಲೆ ಅಲ್ಲಿನ ಗ್ರ್ಯಾಂಡ್ ಜ್ಯೂರಿ ಕೊಲೆಯ ಆರೋಪ ಹೊರಿಸಿತು. ಆ ಕೌಂಟಿಯಲ್ಲಿ ಜ್ಯೂರರ್‌ಗಳನ್ನು ಆರಿಸುತ್ತಿದ್ದವರು ಅಲ್ಲಿನ ಏಕೈಕ ಸುಪೀರಿಯರ್ ಕೋರ್ಟ್ ನ್ಯಾಯಾಧೀಶರು. ಕಪ್ಪು ಜನಾಂಗದ ಒಬ್ಬರೂ ಅಲ್ಲಿಯ ತನಕ ಗ್ರ್ಯಾಂಡ್ ಜ್ಯೂರಿಯಲ್ಲಿ ಕುಳಿತಿರಲಿಲ್ಲ. ಶಿಕ್ಷೆಯಾದ ಹಿಲರಿ ಈ ಒಂದು ಆಕ್ಷೇಪವನ್ನು ಬಿಡದೆ ಹಿಡಿದು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಹೋದರು. ಜನಾಂಗದ ಕಾರಣಕ್ಕೆ ಒಂದು ಸಮುದಾಯವನ್ನೇ ಹೊರಗಿಟ್ಟು ರಚಿಸಿದ ಗ್ರ್ಯಾಂಡ್ ಜ್ಯೂರಿಯ ಆರೋಪದ ಮೇಲೆ ನಿಂತ ಶಿಕ್ಷೆ ಉಳಿಯಲಾರದು, ಆಮೇಲಿನ ವಿಚಾರಣೆ ಎಷ್ಟೇ ಸರಿಯಾಗಿ ನಡೆದಿದ್ದರೂ ಆ ದೋಷ ತೊಳೆದುಹೋಗುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಇಪ್ಪತ್ತನಾಲ್ಕು ವರ್ಷ ಕಳೆದಿತ್ತು.

ಲಾಸ್ ಏಂಜಲಿಸ್‌ನ ಪ್ರಸಂಗ ಇನ್ನೊಂದು. 1968ರಲ್ಲಿ ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳು ಪೂರ್ವ ಲಾಸ್ ಏಂಜಲಿಸ್‌ನ ಶಾಲೆಗಳ ದುಃಸ್ಥಿತಿಯನ್ನು ಪ್ರತಿಭಟಿಸಿ ತರಗತಿಗಳಿಂದ ಹೊರನಡೆದಾಗ, ಆ ಚಳವಳಿಗೆ ಸಂಬಂಧಿಸಿ ಹದಿಮೂರು ಮಂದಿಯ ಮೇಲೆ ಗ್ರ್ಯಾಂಡ್ ಜ್ಯೂರಿ ಒಳಸಂಚಿನ ಆರೋಪ ಹೊರಿಸಿತು. ಅವರ ವಕೀಲ ಆಸ್ಕರ್ ಅಕೋಸ್ಟಾ ಸುಪೀರಿಯರ್ ಕೋರ್ಟಿನ ನ್ಯಾಯಾಧೀಶರನ್ನೇ ಸಾಕ್ಷಿಕಟ್ಟೆಗೆ ಕರೆಸಿ, ನೀವು ಯಾರ ಹೆಸರನ್ನು ಸೂಚಿಸಿದಿರಿ, ಅವರು ನಿಮಗೆ ಹೇಗೆ ಗೊತ್ತು, ಮೆಕ್ಸಿಕನ್ ಮೂಲದ ಯಾರನ್ನಾದರೂ ಎಂದಾದರೂ ಸೂಚಿಸಿದ್ದೀರಾ ಎಂದು ಒಬ್ಬೊಬ್ಬರನ್ನೂ ಕೇಳಿದರು. ಸ್ನೇಹಿತರು, ನೆರೆಹೊರೆಯವರು, ಒಂದೇ ಕ್ಲಬ್ಬಿಗೆ ಹೋಗುವವರು ಎಂಬ ಬಗೆಯ ಉತ್ತರಗಳೇ ಹೆಚ್ಚಾಗಿ ಬಂದವು. ದ್ವೇಷದಿಂದ ಹೊರಗಿಟ್ಟೆವೆಂದು ಯಾರೂ ಹೇಳಲಿಲ್ಲ. ತಮಗೆ ಗೊತ್ತಿದ್ದವರನ್ನು ಮಾತ್ರ ಸೂಚಿಸಿದ್ದರು, ಅವರಿಗೆ ಗೊತ್ತಿದ್ದವರೆಲ್ಲ ತಮ್ಮಂಥವರೇ ಆಗಿದ್ದರು. ಜ್ಯೂರಿಯ ರಚನೆಯ ಮೇಲಿನ ಆ ಆಕ್ಷೇಪ ಆಗ ಗೆಲ್ಲಲಿಲ್ಲ. ಆದರೆ ಆಯ್ಕೆಯ ಒಳಗುಟ್ಟು ಮೊದಲ ಬಾರಿಗೆ ಅಷ್ಟು ವಿವರವಾಗಿ ನ್ಯಾಯಾಲಯದ ದಾಖಲೆಗೆ ಸೇರಿತು. ನಮ್ಮಲ್ಲಿ ಯಾವುದೇ ಸಮಿತಿಗೆ ‘ಗಣ್ಯರನ್ನು’ ನೇಮಿಸುವಾಗ ನಡೆಯುವುದೂ ಇದೇ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅಲ್ಲಿಂದ ಈಚೆಗೆ ಬಹಿರಂಗ ಅರ್ಜಿಯ ಪದ್ಧತಿ ಬಲವಾಗಿದೆ. ಜ್ಯೂರರ್‌ಗಳ ವಯೋಮಾನ, ಲಿಂಗ, ಜನಾಂಗದ ವಿವರಗಳನ್ನು ನ್ಯಾಯಾಲಯಗಳು ದಾಖಲಿಸಬೇಕೆಂಬ ನಿಯಮ ಬಂದಿದೆ. ಆದರೂ ಒಂದು ಅಡ್ಡಿ ಹಾಗೆಯೇ ಉಳಿದಿದೆ, ಅದು ಹಣದ್ದು. ಕಾನೂನು ನಿಗದಿಪಡಿಸಿರುವ ಮೂಲ ಭತ್ಯೆ ದಿನಕ್ಕೆ 15 ಡಾಲರ್ ಮತ್ತು ಪ್ರಯಾಣದ ವೆಚ್ಚ. ಕೆಲವು ಕೌಂಟಿಗಳು ಹೆಚ್ಚು ಕೊಡುತ್ತವೆ, ಆದರೆ ಎಲ್ಲಿಯೂ ಅದು ಸಂಬಳವಲ್ಲ. ವಾರಕ್ಕೆ ಹಲವು ದಿನ, ಹಗಲು ಹೊತ್ತಿನಲ್ಲಿ, ಒಂದು ವರ್ಷ ಬಿಡುವು ಮಾಡಿಕೊಳ್ಳಬಲ್ಲವರು ಯಾರು? ನಿವೃತ್ತರು, ಉಳಿತಾಯವಿದ್ದವರು, ಸಂಗಾತಿಯ ಸಂಬಳದ ಆಸರೆ ಇದ್ದವರು. ಹೋಟೆಲಿನಲ್ಲಿ ದುಡಿಯುವ ತಾಯಿ, ಎರಡು ಪಾಳಿಯ ಚಾಲಕ ಅರ್ಜಿಯನ್ನೇ ಹಾಕುವುದಿಲ್ಲ. ಅವರನ್ನು ಯಾರೂ ತಿರಸ್ಕರಿಸಬೇಕಾಗಿಯೇ ಇಲ್ಲ. ಚೀಟಿ ಎಷ್ಟೇ ನ್ಯಾಯವಾಗಿ ಎತ್ತಿದರೂ ಪೆಟ್ಟಿಗೆಯೊಳಗೆ ಹೆಸರೇ ಬೀಳದವರು ಹೊರಬರಲು ಸಾಧ್ಯವಿಲ್ಲವಲ್ಲ. ಈ ವ್ಯವಸ್ಥೆಯಲ್ಲಿ ಮೊದಲು ತಿದ್ದಬೇಕಾದದ್ದು ಭತ್ಯೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ದಿನದ ಕನಿಷ್ಠ ಕೂಲಿಯನ್ನಾದರೂ ಕೊಡದೆ, ಎಲ್ಲ ಬಗೆಯ ಜನರು ಬರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಸಣ್ಣ ಕೌಂಟಿಗಳ ಪಾಡು ಮತ್ತೊಂದು ಬಗೆ. 2020ರ ಜನಗಣತಿಯಲ್ಲಿ ಆಲ್ಪೈನ್ ಕೌಂಟಿಯಲ್ಲಿದ್ದವರು ಸುಮಾರು 1,200 ಮಂದಿ. ಅಷ್ಟು ಜನರಲ್ಲಿ ಅಧಿಕಾರಿಗಳ ನೆಂಟರೂ ಅಲ್ಲದ, ವ್ಯವಹಾರದ ಪಾಲುದಾರರೂ ಅಲ್ಲದ, ಬಿಡುವೂ ಇರುವ ಜನರನ್ನು ವರ್ಷ ವರ್ಷವೂ ಹುಡುಕುವುದು ಎಷ್ಟು ಕಷ್ಟವೆಂದು ಊಹಿಸಬಹುದು.

ಪ್ರಶ್ನೆ: ಇವರ ವರದಿಗೆ ಬೆಲೆ ಇದೆಯೇ, ಅಥವಾ ಕಪಾಟು ಸೇರುತ್ತದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಆದೇಶ ಹೊರಡಿಸುವ ಅಧಿಕಾರ ಜ್ಯೂರಿಗಿಲ್ಲ. ಉತ್ತರ ಕೇಳುವ ಅಧಿಕಾರ ಇದೆ. ವರದಿ ಬಂದ ಮೇಲೆ ಚುನಾಯಿತ ಕೌಂಟಿ ಅಧಿಕಾರಿಗಳು 60 ದಿನಗಳೊಳಗೆ, ನಗರಸಭೆಯಂಥ ಮಂಡಳಿಗಳು 90 ದಿನಗಳೊಳಗೆ ಪ್ರತಿಯೊಂದು ನಿಷ್ಕರ್ಷೆಗೂ ಒಪ್ಪಿಗೆಯೋ ಭಿನ್ನಮತವೋ ಎಂದು ಬರೆದು ತಿಳಿಸಬೇಕು. ಪ್ರತಿ ಶಿಫಾರಸಿಗೂ ಜಾರಿಗೆ ತಂದಿದ್ದೇವೆ, ತರುತ್ತೇವೆ, ಇನ್ನಷ್ಟು ಪರಿಶೀಲನೆ ಬೇಕು, ತರುವುದಿಲ್ಲ ಎಂಬ ನಾಲ್ಕರಲ್ಲಿ ಒಂದನ್ನು ಹೇಳಬೇಕು. ಪರಿಶೀಲನೆ ಎಂದರೆ ಆರು ತಿಂಗಳು ಮೀರುವಂತಿಲ್ಲ. ಜ್ಯೂರಿಗೂ ಶಿಸ್ತಿದೆ: ನಿಷ್ಕರ್ಷೆಗಳಿಗೆ ದಾಖಲೆಯ ಆಧಾರ ಬೇಕು, ಸಂದರ್ಶನವನ್ನು ಆಧಾರವಾಗಿ ಬಳಸುವುದಾದರೆ ಅದರಲ್ಲಿ ಕನಿಷ್ಠ ಇಬ್ಬರು ಜ್ಯೂರರ್‌ಗಳು ಹಾಜರಿದ್ದಿರಬೇಕು, ದೋಷ ತೋರಿಸಿದ ಕಡೆ ಪರಿಹಾರವನ್ನೂ ಸೂಚಿಸಬೇಕು, 19 ಮಂದಿಯ ಜ್ಯೂರಿಯಲ್ಲಿ 12 ಮಂದಿಯಾದರೂ ಒಪ್ಪಬೇಕು.

ಒಂದು ಅಸ್ತ್ರ ಮಾತ್ರ ಹರಿತವಾದದ್ದು. ಅಧಿಕಾರಿಯೊಬ್ಬರು ಹುದ್ದೆಯಲ್ಲಿ ಬೇಕೆಂದೇ ದುರ್ನಡತೆ ಅಥವಾ ಭ್ರಷ್ಟ ನಡವಳಿಕೆ ತೋರಿದ್ದಾರೆಂದು 12 ಮಂದಿಗೆ ಮನದಟ್ಟಾದರೆ ಅವರನ್ನು ಹುದ್ದೆಯಿಂದ ತೆಗೆಯುವಂತೆ ದೋಷಾರೋಪ ಸಲ್ಲಿಸಬಹುದು. ಮೈಸೂರಿನ ಓದುಗರ ಸೊಸೆ ಇರುವ ಸಾಂತಾ ಕ್ಲಾರಾ ಕೌಂಟಿಯಲ್ಲಿಯೇ 2021ರ ಡಿಸೆಂಬರಿನಲ್ಲಿ ಸಿವಿಲ್ ಗ್ರ್ಯಾಂಡ್ ಜ್ಯೂರಿ ಶೆರಿಫ್, ಅಂದರೆ ಕೌಂಟಿಯ ಚುನಾಯಿತ ಪೊಲೀಸ್ ಮುಖ್ಯಸ್ಥೆ, ಲಾರಿ ಸ್ಮಿತ್ ಅವರ ಮೇಲೆ ಇಂಥ ದೋಷಾರೋಪ ಮಾಡಿತು. 1998ರಲ್ಲಿ ಚುನಾಯಿತರಾಗಿ, ಎರಡು ದಶಕಗಳಿಗೂ ಮಿಕ್ಕಿ ಆ ಹುದ್ದೆಯಲ್ಲಿದ್ದವರು ಅವರು. ಬಂದೂಕು ಒಯ್ಯುವ ಪರವಾನಗಿಗಳನ್ನು ಕೊಡುವುದರಲ್ಲಿ ಪಕ್ಷಪಾತ ಮುಖ್ಯ ಆಪಾದನೆಯಾಗಿತ್ತು. ವಿಚಾರಣೆ ಮುಗಿಯುವ ಹೊತ್ತಿಗೆ, 2022ರ ಅಕ್ಟೋಬರ್ ಕೊನೆಯಲ್ಲಿ, ಅವರು ರಾಜೀನಾಮೆ ಕೊಟ್ಟರು. ನವೆಂಬರ್ ಮೊದಲ ವಾರದಲ್ಲಿ ವಿಚಾರಣಾ ಜ್ಯೂರಿ ಬಹುಪಾಲು ಆರೋಪಗಳಲ್ಲಿ ಅವರು ತಪ್ಪಿತಸ್ಥರೆಂದಿತು.

ಪ್ರಶ್ನೆ: ಕರ್ನಾಟಕದಲ್ಲಿ ಇಂಥದ್ದು ಇದೆಯೇ?
— ಪಂಚಾಯಿತಿ ಮಾಜಿ ಸದಸ್ಯರು, ತುಮಕೂರು ಜಿಲ್ಲೆ

ಉತ್ತರ: ಇಲ್ಲ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತ, ಮದರಾಸು, ಬೊಂಬಾಯಿಗಳಲ್ಲಿ ಗ್ರ್ಯಾಂಡ್ ಜ್ಯೂರಿ ಇತ್ತು, ಹತ್ತೊಂಬತ್ತನೆಯ ಶತಮಾನದಲ್ಲೇ ರದ್ದಾಯಿತು. ವಿಚಾರಣಾ ಜ್ಯೂರಿಯೂ 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ಪೂರ್ತಿ ಮರೆಯಾಯಿತು. ನಮ್ಮ ಲೋಕಾಯುಕ್ತ 1984ರ ಕಾಯ್ದೆಯಿಂದ ಬಂದದ್ದು, ಆದರೆ ಅದು ನಿವೃತ್ತ ನ್ಯಾಯಮೂರ್ತಿಗಳ ಮತ್ತು ಅಧಿಕಾರಿಗಳ ಸಂಸ್ಥೆ, ನಾಗರಿಕರದ್ದಲ್ಲ. ಹತ್ತಿರದ ಹೋಲಿಕೆ ಬೇಕೆಂದರೆ ನಿಮ್ಮದೇ ಅನುಭವದ ಗ್ರಾಮಸಭೆ: 2005ರ ಉದ್ಯೋಗ ಖಾತ್ರಿ ಕಾಯ್ದೆ ಕಾಮಗಾರಿಗಳ ಸಾಮಾಜಿಕ ಲೆಕ್ಕಪರಿಶೋಧನೆಯ ಹೊಣೆಯನ್ನು ಅದಕ್ಕೆ ಕೊಟ್ಟಿತು. ಅಲ್ಲಿ ಇಡೀ ಊರು ಬಹಿರಂಗವಾಗಿ ಕೂತು ಲೆಕ್ಕ ಕೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹತ್ತೊಂಬತ್ತು ಮಂದಿ ಬಾಗಿಲು ಮುಚ್ಚಿಕೊಂಡು ಕೇಳುತ್ತಾರೆ. ಬಾಗಿಲು ಮುಚ್ಚಿರುವುದರಿಂದ ಕೆಳಗಿನ ನೌಕರನೊಬ್ಬ ತನ್ನ ಮೇಲಧಿಕಾರಿಯ ಬಗ್ಗೆ ಹೆದರದೆ ಹೇಳಬಲ್ಲ. ಎಲ್ಲರ ಮುಂದೆ ನಿಂತು ಹೇಳಬೇಕಾದಾಗ ಆ ಧೈರ್ಯ ಎಷ್ಟು ಜನಕ್ಕೆ ಬರುತ್ತದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ಪ್ರಶ್ನೆ: (ಮೊದಲ ಪತ್ರದ ಮುಂದುವರಿಕೆ) ಆಕೆ ಆಯ್ಕೆಯಾದರೆ ಮನೆಯವರಿಗೂ ಏನನ್ನೂ ಹೇಳುವಂತಿಲ್ಲವಂತೆ. ಇದು ನಿಜವೇ? ಆಯ್ಕೆಯಾಗದಿದ್ದರೆ ಮುಂದೇನು?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ನಿಜ. ತಾನು ಜ್ಯೂರಿಯಲ್ಲಿ ಇದ್ದೇನೆಂದು ಹೇಳಬಹುದು. ಯಾವ ಇಲಾಖೆಯನ್ನು ನೋಡುತ್ತಿದ್ದೇವೆ, ಯಾರು ಬಂದು ಸಾಕ್ಷಿ ನುಡಿದರು, ಒಳಗೆ ಯಾರು ಏನೆಂದರು, ಯಾರು ಯಾವ ಕಡೆ ಮತ ಹಾಕಿದರು ಎಂಬುದನ್ನು ಗಂಡನಿಗೂ ಹೇಳುವಂತಿಲ್ಲ, ನಿಮಗೂ ಹೇಳುವಂತಿಲ್ಲ. ಅವಧಿ ಮುಗಿದ ಮೇಲೂ ಈ ಕಟ್ಟು ಸಡಿಲವಾಗುವುದಿಲ್ಲ, ಮುರಿದರೆ ಅಪರಾಧ. ಗೋಪ್ಯತೆಯ ಗಾಂಭೀರ್ಯ ಜ್ಯೂರರ್‌ಗಳಿಗೆ ಮಾತ್ರ ಸೀಮಿತವಲ್ಲ. 2022ರಲ್ಲಿ ಸಾಂತಾ ಕ್ಲಾರಾ ನಗರಸಭೆಯ ಬಗ್ಗೆ ಗ್ರ್ಯಾಂಡ್ ಜ್ಯೂರಿ ಬರೆದ ವರದಿ, ನಿಯಮದಂತೆ ಪ್ರಕಟಣೆಗೆ ಮೊದಲೇ ನಗರಸಭೆಗೆ ಗೋಪ್ಯವಾಗಿ ತಲುಪಿದಾಗ, ಸದಸ್ಯರೊಬ್ಬರು ಅದನ್ನು ಹೊರಗೆ ಬಿಟ್ಟರು. ಆಮೇಲೆ ಪ್ರಮಾಣ ಮಾಡಿ ಬಿಟ್ಟಿಲ್ಲವೆಂದರು. ಸುಳ್ಳುಸಾಕ್ಷ್ಯದ ಅಪರಾಧದಲ್ಲಿ 2024ರ ಡಿಸೆಂಬರಿನಲ್ಲಿ ಅವರು ತಪ್ಪಿತಸ್ಥರೆಂದು ತೀರ್ಮಾನವಾಯಿತು. ಹಾಗಾಗಿ ರಾತ್ರಿ ಫೋನಿನಲ್ಲಿ ಮಾತನಾಡುವಾಗ ಸೊಸೆ ಈ ವಿಷಯಕ್ಕೆ ಬಂದೊಡನೆ ಸುಮ್ಮನಾದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಕೆದಕಿ ಕೇಳಲೂ ಬೇಡಿ.

ಆಯ್ಕೆಯಾಗದಿದ್ದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಸಂದರ್ಶನದಲ್ಲಿ ಉತ್ತೀರ್ಣರಾಗಿ ಚೀಟಿಯಲ್ಲಿ ಮಾತ್ರ ಹೆಸರು ಬಾರದವರನ್ನು ಸಾಮಾನ್ಯವಾಗಿ ಬದಲಿಗಳ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ವರ್ಷದ ನಡುವೆ ಯಾರಾದರೂ ಊರು ಬಿಟ್ಟರೆ, ಕಾಯಿಲೆ ಬಿದ್ದರೆ ಆ ಪಟ್ಟಿಯಿಂದ ಕರೆ ಬರುತ್ತದೆ. ಜುಲೈಯಲ್ಲಿ ಕೈತಪ್ಪಿದ ಜಾಗ ನವೆಂಬರಿನಲ್ಲಿ ಸಿಕ್ಕಿದರೂ ಸಿಕ್ಕೀತು. ನೀವು ಆಕೆಯನ್ನು ನೋಡಲು ಅಲ್ಲಿಗೆ ಹೋಗುವುದಿದ್ದರೆ ಟಿಕೆಟ್ ಕಾದಿರಿಸುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.